ಬೆಟ್ಟದೂರಿನ ಶಾಲೆ, ಊರಿನ ಗ್ರಂಥಾಲಯ

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೊರದೇಶದಲ್ಲಿ ಸ್ವಯಂಸೇವಕನಾಗಿ ದುಡಿದ ಅನುಭವವನ್ನು ಹೇಳಬೇಕೆಂದು ಸಮಿತಿಯವರು ನನಗೆ ಆದೇಶಿಸಿದ್ದಾರೆ. ಅಧ್ಯಾಪನ ವೃತ್ತಿಯಿಂದ ನಿವೃತ್ತನಾದ ಮೇಲೆ ನೇಪಾಳದ ಸೊಲುಖುಂಬು ಜಿಲ್ಲೆಯ ಒಂದು ಹಳ್ಳಿಶಾಲೆಯಲ್ಲಿ ವೈಶಾಖದಿಂದ ಕಾರ್ತಿಕದವರೆಗೆ ಏಳು ತಿಂಗಳು ಇದ್ದೆ. ಶಾಲೆಗೂ ಊರಿಗೂ ಸೇರಿದಂತೆ ಒಂದು ಗ್ರಂಥಾಲಯವನ್ನು ನಿಲ್ಲಿಸಲು ನೆರವಾಗುವುದು ನನಗೆ ಒಪ್ಪಿಸಿದ ಕೆಲಸ. ಪ್ರವಾಸಕಥನವೆಂದು ಇದನ್ನು ನಿಮ್ಮ ಮುಂದೆ ಇಡಲು ನನಗೆ ಅಷ್ಟು ಉತ್ಸಾಹವಿರಲಿಲ್ಲ. ಆದರೆ ಶತಮಾನೋತ್ಸವದ ನೆನಪಿಗಾಗಿ ನಮ್ಮ ಶಾಲೆಗೆ ಗ್ರಂಥಾಲಯದ ಕೊಠಡಿಯೊಂದನ್ನು ಕಟ್ಟಿಸುವ ನಿರ್ಣಯವಾಗಿದೆ, ಗಲ್ಫಿನಲ್ಲಿಯೂ ಬೆಂಗಳೂರಿನಲ್ಲಿಯೂ ಇರುವ ನಮ್ಮವರು ಪುಸ್ತಕಗಳನ್ನು ಕಳುಹಿಸಿಕೊಡುವುದಾಗಿ ಮಾತು ಕೊಟ್ಟಿದ್ದಾರೆ ಎಂದು ತಿಳಿದ ಮೇಲೆ, ಆ ಬೆಟ್ಟದೂರಿನಲ್ಲಿ ಕಂಡದ್ದನ್ನು ಇಲ್ಲಿ ಹೇಳಲೇಬೇಕೆನ್ನಿಸಿತು.

ನೇಪಾಳವು ನಮಗೆ ವಿದೇಶವೇ ಆದರೂ ಭಾರತೀಯರಿಗೆ ಅಲ್ಲಿ ವೀಸಾದ ಅಗತ್ಯವಿಲ್ಲ. ಲಿಪಿ ದೇವನಾಗರಿ, ಶಾಲೆಯಲ್ಲಿ ಹಿಂದಿ ಕಲಿತವರು ಮೊದಲ ದಿನವೇ ಫಲಕಗಳನ್ನು ಓದಬಲ್ಲರು. ವಿದ್ಯಾಲಯ, ಪುಸ್ತಕಾಲಯ, ಪ್ರಧಾನಾಧ್ಯಾಪಕ, ವ್ಯವಸ್ಥಾಪನ ಸಮಿತಿ ಎಂಬ ಮಾತುಗಳನ್ನು ಕೇಳುವಾಗ ನಮ್ಮ ಪಿ.ಟಿ.ಎ. ಸಭೆಯಲ್ಲಿಯೇ ಕುಳಿತಂತೆ ಭಾಸವಾಗುತ್ತಿತ್ತು. ಕಾಠ್ಮಂಡುವಿನಿಂದ ಸಲ್ಲೇರಿಗೆ ಜೀಪಿನಲ್ಲಿ ಒಂದು ಇಡೀ ದಿನ, ಅಲ್ಲಿಂದ ನನ್ನ ಊರಿಗೆ ಅರ್ಧ ದಿನದ ಕಾಲ್ನಡಿಗೆ. ವಾರದ ರಜೆ ಶನಿವಾರವಾಗಿತ್ತು. ಭಾನುವಾರ ಬೆಳಗ್ಗೆ ಶಾಲೆಯ ಗಂಟೆ ಬಾರಿಸುವುದಕ್ಕೆ ಹೊಂದಿಕೊಳ್ಳಲು ಮಾತ್ರ ಸ್ವಲ್ಪ ಕಾಲ ಬೇಕಾಯಿತು.

ಆ ಜಿಲ್ಲೆಗೆ ಹೊರಗಿನವರ ನೆರವು ಹೊಸದಲ್ಲ. 1953ರಲ್ಲಿ ತೇನ್‌ಸಿಂಗ್ ನೋರ್ಗೆಯವರೊಡನೆ ಎವರೆಸ್ಟ್ ಶಿಖರವನ್ನು ಏರಿದ ಎಡ್ಮಂಡ್ ಹಿಲರಿಯವರು, ತಮ್ಮ ಭಾರ ಹೊತ್ತು ದಾರಿ ತೋರಿದ ಶೆರ್ಪಾ ಜನರಿಗೆ ಏನು ಬೇಕೆಂದು ಅವರನ್ನೇ ಕೇಳಿದರು. ಬಂದ ಉತ್ತರ: ಮಕ್ಕಳಿಗೊಂದು ಶಾಲೆ. 1961ರಲ್ಲಿ ಖುಮ್‌ಜುಂಗ್ ಎಂಬ ಹಳ್ಳಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ, ಆ ಶಾಲೆ ಎದ್ದು ನಿಂತಿತು. ಕಟ್ಟಡದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸಿದ್ದು, ಮೊದಲ ಅಧ್ಯಾಪಕರನ್ನಾಗಿ ನ್ಯೂಜಿಲೆಂಡಿನವರನ್ನು ನೇಮಿಸದೆ ಡಾರ್ಜಿಲಿಂಗ್ ಕಡೆಯಿಂದ ಶೆರ್ಪಾ ಭಾಷೆ ಬಲ್ಲವರನ್ನೇ ಕರೆತಂದರೆಂಬ ಸಂಗತಿ. ಮಗುವಿನ ಮನೆಮಾತು ತಿಳಿದವರು ಕಲಿಸಲಿ ಎಂಬ ವಿವೇಕ ಆ ಪರ್ವತಾರೋಹಿಗೆ ಇತ್ತು.

ಅದೇ ಜಿಲ್ಲೆಯ ಜುನ್‌ಬೇಸಿ ಎಂಬ ಹಳ್ಳಿಯಲ್ಲಿ 1991ರಲ್ಲಿ ಒಂದು ಗ್ರಂಥಾಲಯ ತೆರೆಯಿತು. ಚಾರಣಿಗರನ್ನು ಕರೆತರುತ್ತಿದ್ದ ಅಮೆರಿಕದ ಆಂಟೋನಿಯಾ ನ್ಯೂಬಾವರ್ ಎಂಬ ಮಹಿಳೆ ತಮ್ಮ ಮಾರ್ಗದರ್ಶಿಯಾಗಿದ್ದ ಶೆರ್ಪಾ ಒಬ್ಬರನ್ನು ನಿಮ್ಮೂರಿಗೆ ಏನು ಬೇಕೆಂದು ಕೇಳಿದಾಗ, ಅವರು ಬೇಡಿದ್ದು ಗ್ರಂಥಾಲಯವನ್ನು. ಅದರಿಂದ ಹುಟ್ಟಿದ ಸಂಸ್ಥೆಯ ಹೆಸರು ‘ರೀಡ್ ನೇಪಾಲ್’. ಇಂದು ಆ ದೇಶದಲ್ಲಿ ಅವರ ನೆರವಿನಿಂದ ಎದ್ದ ಗ್ರಂಥಾಲಯಗಳು ಅರವತ್ತಕ್ಕೂ ಹೆಚ್ಚು. ಅವರ ಕ್ರಮದಲ್ಲಿ ಒಂದು ವಿಶೇಷವಿದೆ. ಪುಸ್ತಕವನ್ನೂ ಕಟ್ಟಡವನ್ನೂ ಕೊಟ್ಟು ಕೈತೊಳೆದುಕೊಳ್ಳುವ ಬದಲು, ಪ್ರತಿಯೊಂದು ಗ್ರಂಥಾಲಯಕ್ಕೂ ಅದರದೇ ಆದಾಯದ ಒಂದು ದಾರಿಯನ್ನು ಜೊತೆಯಲ್ಲಿಯೇ ಏರ್ಪಡಿಸುತ್ತಾರೆ. ಒಂದೆಡೆ ಬಾಡಿಗೆಗೆ ಕೊಡುವ ಅಂಗಡಿಕೋಣೆ, ಇನ್ನೊಂದೆಡೆ ಪೀಠೋಪಕರಣ ತಯಾರಿಸುವ ಘಟಕ, ಮತ್ತೊಂದೆಡೆ ಆಂಬುಲೆನ್ಸ್ ಸೇವೆ. ಊರಿನವರು ಜಾಗವನ್ನೂ ಶ್ರಮವನ್ನೂ ತಾವೇ ಹಾಕಬೇಕು. ಈ ಕ್ರಮಕ್ಕೆ 2006ರಲ್ಲಿ ಗೇಟ್ಸ್ ಪ್ರತಿಷ್ಠಾನದ ಅಂತಾರಾಷ್ಟ್ರೀಯ ಪುರಸ್ಕಾರವೂ ಸಂದಿತು. ಗ್ರಂಥಾಲಯವೆಂದರೆ ಸರಸ್ವತಿಯ ಮಂದಿರ, ಅದಕ್ಕೆ ಲಕ್ಷ್ಮಿಯ ಚಿಂತೆ ಏಕೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ದೇವಸ್ಥಾನಕ್ಕೂ ಉಂಬಳಿಯ ಗದ್ದೆಯನ್ನು ಬಿಟ್ಟ ಮೇಲೆಯೇ ನಮ್ಮ ಹಿರಿಯರು ದೀಪ ಹಚ್ಚಿಸುತ್ತಿದ್ದರೆಂದು ಅವರಿಗೆ ನೆನಪಿಸಬೇಕಾಗುತ್ತದೆ.

ಮತ್ತೊಂದು ಪ್ರಸಂಗವೂ ಲಿಖಿತವಾಗಿ ಉಳಿದಿದೆ. 1998ರಲ್ಲಿ ಜಾನ್ ವುಡ್ ಎಂಬ ಮೈಕ್ರೋಸಾಫ್ಟ್ ಕಂಪನಿಯ ಅಧಿಕಾರಿ ಲಮ್ಜುಂಗ್ ಜಿಲ್ಲೆಯ ಬಾಹುನ್‌ಡಾಂಡಾದ ಶಾಲೆಯನ್ನು ನೋಡಲು ಹೋದರು. ಗ್ರಂಥಾಲಯವೆಂಬ ಕೋಣೆಯಿತ್ತು; ಪುಸ್ತಕಗಳು ಬೀಗ ಹಾಕಿದ ಕಪಾಟಿನೊಳಗಿದ್ದವು. ಬಾಗಿಲು ತೆರೆದಾಗ ಕಂಡದ್ದು ಹೊರದೇಶದ ಚಾರಣಿಗರು ಓದಿ ಬಿಟ್ಟುಹೋದ ಪ್ರಣಯ ಕಾದಂಬರಿಗಳು, ಪ್ರವಾಸ ಕೈಪಿಡಿಗಳು. ಮಕ್ಕಳು ಓದಬಹುದಾದದ್ದು ಯಾವುದೂ ಇರಲಿಲ್ಲ. ಆದರೂ ಅಮೂಲ್ಯವೆಂದು ಬೀಗ! ಅವರು ಉದ್ಯೋಗ ಬಿಟ್ಟು 2000ದಲ್ಲಿ ‘ರೂಮ್ ಟು ರೀಡ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೊದಲು ತಮ್ಮ ದೇಶದಿಂದ ಪುಸ್ತಕಗಳನ್ನು ಸಂಗ್ರಹಿಸಿ ತಂದ ಅದೇ ಸಂಸ್ಥೆ, ಕೆಲವೇ ವರ್ಷಗಳಲ್ಲಿ ಸ್ಥಳೀಯ ಭಾಷೆಗಳಲ್ಲಿ ಮಕ್ಕಳ ಪುಸ್ತಕಗಳನ್ನು ತಾನೇ ಪ್ರಕಟಿಸತೊಡಗಿದ್ದನ್ನು ಗಮನಿಸಬೇಕು. ಹೊರಗಿನಿಂದ ತಂದ ಪುಸ್ತಕ ಒಂದು ಹಂತದವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ.

ನಾನು ಹೋದ ಶಾಲೆಯ ಸ್ಥಿತಿ ಇದಕ್ಕಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಎರಡು ಕಬ್ಬಿಣದ ಕಪಾಟುಗಳು. ಒಂದರಲ್ಲಿ ಹಳೆಯ ಪಠ್ಯಪುಸ್ತಕಗಳು, ಇನ್ನೊಂದರಲ್ಲಿ ಯಾವುದೋ ದೇಶದ ಉದಾರಿಗಳು ಕಳುಹಿಸಿದ ಇಂಗ್ಲಿಷ್ ಪುಸ್ತಕಗಳು. ಅವುಗಳ ನಡುವೆ ತೆರಿಗೆ ಕಾನೂನಿನ ಕೈಪಿಡಿಯೊಂದಿತ್ತು. ಅಷ್ಟು ದಪ್ಪ ಪುಸ್ತಕವನ್ನು ಡೋಕೋ ಎಂಬ ಬಿದಿರಿನ ಬುಟ್ಟಿಯಲ್ಲಿಟ್ಟು, ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು, ಬೆಟ್ಟ ಹತ್ತಿಸಿದ ಆ ಕೂಲಿಕಾರನ ಕುತ್ತಿಗೆಯನ್ನು ನೆನೆದು ಸಂಕಟವಾಯಿತು.

ಕಪಾಟಿನ ಕೀಲಿಕೈ ಪ್ರಧಾನಾಧ್ಯಾಪಕರ ಬಳಿ. ಅವರು ಮಕ್ಕಳನ್ನು ಪ್ರೀತಿಸುವ, ಓದಿಕೊಂಡ ವ್ಯಕ್ತಿ. ಆದರೂ ಬೀಗ ಏಕೆ? ಕಾರಣವನ್ನು ಅವರೇ ಒಂದು ಸಂಜೆ ವಿವರಿಸಿದರು. ದಾಖಲೆ ಪುಸ್ತಕದಲ್ಲಿ ನಮೂದಾದ ಪ್ರತಿಯೊಂದು ಪುಸ್ತಕಕ್ಕೂ ಅವರೇ ಉತ್ತರದಾಯಿ. ತಪಾಸಣೆಯ ದಿನ ಹರಿದ ಪುಸ್ತಕವನ್ನು ತೋರಿಸಿದರೆ ಬೈಗುಳ, ಕಳೆದ ಪುಸ್ತಕಕ್ಕೆ ಕೈಯಿಂದ ಹಣ. ಯಾರೂ ಮುಟ್ಟದ ಪುಸ್ತಕಕ್ಕೆ ಮಾತ್ರ ಯಾವ ತೊಂದರೆಯೂ ಇಲ್ಲ. ಹೀಗಿರುವಾಗ ಬೀಗ ಹಾಕುವುದೇ ಬುದ್ಧಿವಂತಿಕೆ ತಾನೇ? ಇಲ್ಲಿ ಕುಳಿತಿರುವ ಅಧ್ಯಾಪಕರಲ್ಲಿ ಕೆಲವರು ತಲೆಯಾಡಿಸುತ್ತಿರುವುದು ನನಗೆ ಕಾಣುತ್ತಿದೆ.

ಹಾಗಾಗಿ ಅಲ್ಲಿ ನಡೆದ ಮೊದಲ ಕೆಲಸ ಪುಸ್ತಕಕ್ಕೆ ಸಂಬಂಧಪಟ್ಟದ್ದೇ ಅಲ್ಲ. ವ್ಯವಸ್ಥಾಪನ ಸಮಿತಿಯ ಸಭೆ ಸೇರಿ, ವರ್ಷಕ್ಕೆ ನೂರರಲ್ಲಿ ಹತ್ತು ಪುಸ್ತಕಗಳು ಹರಿಯುವುದು ಅಥವಾ ಕಳೆಯುವುದು ಸಹಜ, ಅದಕ್ಕೆ ಯಾರನ್ನೂ ಹೊಣೆ ಮಾಡತಕ್ಕದ್ದಲ್ಲ ಎಂದು ಠರಾವು ಬರೆಯಿತು. ಅಧ್ಯಕ್ಷರ ಸಹಿ, ಊರಿನ ಹಿರಿಯರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಆ ಹಾಳೆಯನ್ನು ಪ್ರಧಾನಾಧ್ಯಾಪಕರು ಎರಡು ಸಲ ಓದಿ ಕಡತದಲ್ಲಿ ಸೇರಿಸಿದರು. ಮರುದಿನ ಕಪಾಟಿನ ಬಾಗಿಲು ತೆರೆದಿತ್ತು. ಏಳು ತಿಂಗಳಲ್ಲಿ ಎಷ್ಟು ಪುಸ್ತಕಗಳು ಕಳೆದವೆಂದು ಕೆಲವರು ನನ್ನನ್ನು ಕೇಳಿದ್ದಾರೆ. ಒಂಬತ್ತು. ಅವುಗಳಲ್ಲಿ ನಾಲ್ಕು ದಸೈಂ ಹಬ್ಬದ ಮೊದಲು, ಮನೆ ಸಾರಿಸುವ ಹೊತ್ತಿಗೆ, ಅಟ್ಟದಿಂದಲೋ ಹಾಸಿಗೆಯಡಿಯಿಂದಲೋ ಸಿಕ್ಕಿ ಮರಳಿದವು.

ಆಮೇಲೆ ಕಪಾಟುಗಳನ್ನು ಗೋಡೆಗೆ ಸರಿಸಿ, ಮಗುವಿನ ಎದೆಯೆತ್ತರದ ಹಲಗೆಗಳನ್ನು ಊರಿನ ಬಡಗಿ ಹೊಡೆದುಕೊಟ್ಟರು. ನೆಲಕ್ಕೆ ಹುಲ್ಲಿನ ಚಾಪೆ. ಪುಸ್ತಕದ ಬೆನ್ನಿಗೆ ಓದಿನ ಮಟ್ಟಕ್ಕೆ ತಕ್ಕಂತೆ ಮೂರು ಬಣ್ಣದ ಪಟ್ಟಿ. ಕಾಠ್ಮಂಡುವಿನಿಂದ ನೇಪಾಳಿ ಭಾಷೆಯ ಚಿತ್ರಪುಸ್ತಕಗಳು ಬಂದವು. ಇಷ್ಟನ್ನು ಯಾರಾದರೂ ಮಾಡಬಹುದು, ಮಾಡುತ್ತಾರೆ ಕೂಡ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಕಷ್ಟವಾದದ್ದು ಭಾಷೆಯ ವಿಚಾರ. ಒಂದನೆಯ ತರಗತಿಯ ಮಗುವಿಗೆ ನೇಪಾಳಿಯೂ ಕಲಿಯಬೇಕಾದ ಭಾಷೆಯೇ. ಮನೆಯಲ್ಲಿ ಶೆರ್ಪಾ, ಪಕ್ಕದ ಓಣಿಯಲ್ಲಿ ರಾಯಿ ಜನರ ಮಾತು, ತಮಾಂಗ್, ಶಾಲೆಯಲ್ಲಿ ನೇಪಾಳಿ, ತಂದೆತಾಯಿಯರ ಕನಸಿನಲ್ಲಿ ಇಂಗ್ಲಿಷ್. 2021ರ ಜನಗಣತಿಯ ಪ್ರಕಾರ ಆ ದೇಶದಲ್ಲಿ 124 ಭಾಷೆಗಳಿವೆ. ಪ್ರತಿಯೊಂದು ಸಮುದಾಯಕ್ಕೂ ತನ್ನ ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯುವ ಹಕ್ಕಿದೆಯೆಂದು 2015ರ ಸಂವಿಧಾನದ 31ನೆಯ ವಿಧಿ ಸಾರುತ್ತದೆ. ಆದರೆ ಶೆರ್ಪಾ ಮಗುವಿಗೆ ಕೊಡಲು ಅಂಗಡಿಯಲ್ಲಿ ಪುಸ್ತಕ ಬೇಕಲ್ಲ!

ಸಪ್ತಭಾಷಾ ಸಂಗಮಭೂಮಿಯೆಂದು ಹೆಸರಾದ ಕಾಸರಗೋಡಿನಲ್ಲಿ ಬೆಳೆದವನಿಗೆ ಇದು ಅಪರಿಚಿತ ಸಮಸ್ಯೆಯೇನೂ ಅಲ್ಲ. ನನ್ನ ಮನೆಮಾತು ತುಳು. ಅಕ್ಷರ ಕಲಿತದ್ದು ಇದೇ ಶಾಲೆಯ ಜಗಲಿಯಲ್ಲಿ, ಕನ್ನಡದಲ್ಲಿ. ಪೇಟೆಗೆ ಹೋದರೆ ಮಲಯಾಳ. ಅಜ್ಜಿ ಹೇಳಿದ ತುಳು ಕಥೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು ನಮಗೆ ಎಷ್ಟು ಸಹಜವೆಂದರೆ, ಅದೊಂದು ಉಪಾಯವೆಂದೇ ನಮಗೆ ತೋರುವುದಿಲ್ಲ. ಬಾಸೆಲ್ ಮಿಶನಿನವರು ಮಂಗಳೂರಿನ ಮುದ್ರಣಾಲಯದಲ್ಲಿ ತುಳುವನ್ನು ಅಚ್ಚು ಹಾಕಿದ್ದೂ ಕನ್ನಡ ಲಿಪಿಯಲ್ಲಿಯೇ. ಅದನ್ನು ಅಲ್ಲಿನ ಅಧ್ಯಾಪಕರಿಗೆ ಹೇಳಿದೆ. ಐದನೆಯ ತರಗತಿಯ ಮಕ್ಕಳು ಮನೆಯ ಮುದುಕಿಯರಿಂದ ಕಥೆಗಳನ್ನು ಕೇಳಿ ಬಂದು ಶೆರ್ಪಾ ಮಾತನ್ನು ದೇವನಾಗರಿಯಲ್ಲಿ ಬರೆದರು. ಕೆಳಗೆ ನೇಪಾಳಿಯಲ್ಲಿ ಅರ್ಥ. ಎದುರಿನ ಪುಟದಲ್ಲಿ ಚಿತ್ರ. ದಾರದಿಂದ ಹೊಲಿದು, ರಟ್ಟು ಅಂಟಿಸಿ, ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ ಕೊಟ್ಟು ಹಲಗೆಯ ಮೇಲಿಟ್ಟೆವು. ಒಟ್ಟು ಇಪ್ಪತ್ತಮೂರು ಪುಸ್ತಕಗಳಾದವು. ಉಚ್ಚಾರವನ್ನು ಹೇಗೆ ಬರೆಯಬೇಕೆಂಬುದರ ಮೇಲೆ ಎರಡು ಮನೆಯವರಿಗೆ ಜಗಳವೂ ಆಯಿತು. ಆ ಜಗಳ ನನಗೆ ತುಂಬ ಸಂತೋಷ ಕೊಟ್ಟಿತು. ಪುಸ್ತಕ ಊರಿನದಾಯಿತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಯಾವುದು? ಕಥೆ ಹೇಳಿದ ಅಜ್ಜಿಯೊಬ್ಬರು ಓದಬಾರದವರು, ಒಂದು ಮಧ್ಯಾಹ್ನ ಬಂದು ತಮ್ಮ ಪುಸ್ತಕ ಎಲ್ಲಿದೆ ಎಂದು ಕೇಳಿದರು. ಮೊಮ್ಮಗಳು ಓದಿ ಹೇಳಿದಳು. ಒಂದು ಕಡೆ ತಡೆದು, ಹಾಗಲ್ಲ ಎಂದು ತಿದ್ದಿದರು. ತಿದ್ದುಪಡಿಯನ್ನು ಪುಸ್ತಕದಲ್ಲಿ ಬರೆದುಕೊಂಡೆವು.

ನಾನು ಹೊರಟ ಮೇಲೆ ಬಾಗಿಲು ತೆರೆಯುವವರು ಯಾರು? ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದ ಸೊಸೆಯೊಬ್ಬರು ಒಪ್ಪಿದರು. ಅವರಿಗೆ ತಿಂಗಳ ಗೌರವಧನ ಕೊಡುವ ವಿಷಯ ಬಂದಾಗ ಸಭೆ ಮೌನವಾಯಿತು. ಮಾತೆತ್ತಿದ್ದು ಆಮಾ ಸಮೂಹ, ಅಂದರೆ ತಾಯಂದಿರ ಸಂಘ. ಮದುವೆ ಮುಂಜಿಗಳಿಗೆ ಬಾಡಿಗೆಗೆ ಕೊಡುವ ಹಂಡೆ, ಪಾತ್ರೆ, ತಟ್ಟೆಗಳು ಅವರ ಸಂಘದ ಆಸ್ತಿ. ಅದರ ವರಮಾನದಲ್ಲಿ ಅರ್ಧವನ್ನು ಗ್ರಂಥಾಲಯಕ್ಕೆ ಬರೆದುಕೊಟ್ಟರು. ಪ್ರತಿಯಾಗಿ ಅವರು ಕೇಳಿದ್ದು, ಸಂಜೆ ಐದರ ಮೇಲೆ ಕೋಣೆಯನ್ನು ತಮಗೆ ಬಿಟ್ಟುಕೊಡಬೇಕೆಂದು: ಕೊಲ್ಲಿ ದೇಶಗಳಿಗೂ ಮಲೇಷಿಯಾಕ್ಕೂ ದುಡಿಯಲು ಹೋದ ಗಂಡಂದಿರು ಕಳುಹಿಸುವ ಕಾಗದಪತ್ರಗಳನ್ನು, ಬ್ಯಾಂಕಿನ ಫಾರಂಗಳನ್ನು ಓದಲು ಕಲಿಯುವುದಕ್ಕಾಗಿ. ಕೊಲ್ಲಿಯ ಹೆಸರನ್ನು ಆ ಬೆಟ್ಟದ ಮೇಲೆ ಕೇಳಿದಾಗ ನನಗೆ ನಮ್ಮೂರೇ ಕಣ್ಣೆದುರು ಬಂತು.

ಗ್ರಂಥಾಲಯದಿಂದ ಆ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿತೆಂದು ನಾನು ಹೇಳಲಾರೆ. ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯನ್ನು ಅಲ್ಲಿ ‘ಬೋರ್ಡಿಂಗ್’ ಎನ್ನುತ್ತಾರೆ. ವಸತಿ ಇಲ್ಲದಿದ್ದರೂ ಹೆಸರು ಅದೇ. ಅನುಕೂಲವಿದ್ದವರು ಮಕ್ಕಳನ್ನು ಸಲ್ಲೇರಿಗೋ ಕಾಠ್ಮಂಡುವಿಗೋ ಕಳುಹಿಸುತ್ತಾರೆ. ಮಕ್ಕಳು ಕಡಿಮೆಯಾದ ಸಮುದಾಯ ಶಾಲೆಗಳನ್ನು ಒಂದರೊಡನೊಂದು ಸೇರಿಸಿಬಿಡುವ ಕ್ರಮ ಅಲ್ಲಿ ಜಾರಿಯಲ್ಲಿದೆ. ನಾನಿದ್ದ ಶಾಲೆಯ ಹೆಸರೂ ಆ ಪಟ್ಟಿಯ ಅಂಚಿನಲ್ಲಿತ್ತು. ಈಗ ಮಾತ್ರ ಶಾಲೆ ಮುಚ್ಚುವ ಮಾತು ಬಂದರೆ ಅದು ಮಕ್ಕಳಿರುವ ಮನೆಗಳ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಮಾ ಸಮೂಹದವರು, ಕಥೆ ಹೇಳಿದ ಮುದುಕಿಯರು, ಹಲಗೆ ಹೊಡೆದ ಬಡಗಿ, ಇವರೆಲ್ಲರೂ ಆ ಸಭೆಗೆ ಬರುತ್ತಾರೆ.

ಬಂಧುಗಳೇ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವು ಭಾಷಾ ಅಲ್ಪಸಂಖ್ಯಾತರಾದೆವು. ಅದೇ ವರ್ಷ ನಮ್ಮ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಬೇಕೆಂಬುದು ಅದರ ಆಶಯ. ಕಾನೂನಿನ ಕಾಗದ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಜೂನ್ ತಿಂಗಳ ಆರನೆಯ ಕೆಲಸದ ದಿನ ತಲೆ ಎಣಿಸುವಾಗ ಎದೆ ಡವಡವ ಎನ್ನುವುದು, ಡಿವಿಜನ್ ಫಾಲ್ ಎಂಬ ಮಾತು ಅಧ್ಯಾಪಕರ ಕೋಣೆಯಲ್ಲಿ ಮೆಲ್ಲನೆ ಕೇಳಿಬರುವುದು ನಿಮಗೆ ಗೊತ್ತೇ ಇದೆ. ಇದರ ನಡುವೆ ನಾವು ಗ್ರಂಥಾಲಯ ಕಟ್ಟಲು ಹೊರಟಿದ್ದೇವೆ.

ಈ ವಿಷಯದಲ್ಲಿ ನಾವು ಸೇರಿದ ರಾಜ್ಯದಿಂದ ಕಲಿಯುವುದಕ್ಕೂ ಸಂಕೋಚ ಬೇಡ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು 47 ಹಳ್ಳಿ ಗ್ರಂಥಾಲಯಗಳನ್ನು ಒಂದುಗೂಡಿಸಿ ತಿರುವಿದಾಂಕೂರು ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಅವರ ಪುಣ್ಯತಿಥಿಯಾದ ಜೂನ್ 19ನ್ನು ನಮ್ಮ ಶಾಲೆಯಲ್ಲಿಯೂ ವಾಚನ ದಿನವಾಗಿ ಆಚರಿಸುತ್ತೇವೆ. ಭಾಷಣವಾಗುತ್ತದೆ, ಭಿತ್ತಿಪತ್ರ ಬರೆಸುತ್ತೇವೆ, ಕಪಾಟು ಮತ್ತೆ ಮುಚ್ಚುತ್ತದೆ. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ 5 ಪೈಸೆ ಗ್ರಂಥಾಲಯದ ಕರವಾಗಿ ಸಂಗ್ರಹವಾಗುತ್ತದೆ. ಅಂದರೆ ನೀವು ಪಂಚಾಯತಿಗೆ ತೆರುವ ಹಣದಲ್ಲಿ ಗ್ರಂಥಾಲಯಕ್ಕೊಂದು ಪಾಲು ಈಗಾಗಲೇ ಇದೆ. ಲೈಬ್ರರಿ ಕೌನ್ಸಿಲಿನಲ್ಲಿ ಅಂಗೀಕಾರ ಪಡೆದ ಊರಿನ ಗ್ರಂಥಾಲಯಕ್ಕೆ ಅನುದಾನವೂ ಗ್ರಂಥಪಾಲಕರಿಗೆ ಗೌರವಧನವೂ ದೊರೆಯುತ್ತವೆ. ನಮ್ಮ ಕೊಠಡಿಯನ್ನು ಶಾಲೆಯ ಆವರಣದೊಳಗೆ ಬಂಧಿಸದೆ, ರಸ್ತೆಯ ಕಡೆಗೊಂದು ಬಾಗಿಲಿಟ್ಟು, ಊರಿನ ಗ್ರಂಥಾಲಯವಾಗಿ ನೋಂದಾಯಿಸಲು ಸಾಧ್ಯವೇ ಎಂಬುದನ್ನು ನಕ್ಷೆ ಅಂತಿಮವಾಗುವ ಮೊದಲೇ ಸಮಿತಿ ವಿಚಾರಿಸಬೇಕು. ಗೋಡೆ ಎದ್ದ ಮೇಲೆ ಬಾಗಿಲು ಕೊರೆಯುವುದು ಕಷ್ಟ.

ಇನ್ನು ಪುಸ್ತಕದ ಮಾತು. ದಯವಿಟ್ಟು ಮನೆ ಖಾಲಿ ಮಾಡುವಾಗ ಉಳಿದದ್ದನ್ನು ಕಟ್ಟಿ ಕಳುಹಿಸಬೇಡಿ. ಆಯ್ಕೆಯನ್ನು ಅಧ್ಯಾಪಕರಿಗೂ ಮಕ್ಕಳಿಗೂ ಬಿಡಿ. ಅವರು ಪಟ್ಟಿ ಕೊಡಲಿ, ನೀವು ಕೊಳ್ಳಿ. ನೆರೆಯ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಕನ್ನಡದ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಸಿದ್ಧಪಡಿಸಿದ್ದರು. ಇಂದು ಅಷ್ಟು ಕಷ್ಟವಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿರುವ ಕನ್ನಡ ಚಿತ್ರಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಬಹುದು. ಅದರ ಜೊತೆಗೆ ನಮ್ಮ ಮಕ್ಕಳು ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಮನೆಗಳಿಂದ ಕೇಳಿ ತರುವ ಕಥೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಹೊಲಿಯಲಿ. ಕನ್ನಡ ಶಾಲೆಗೆ ಬರುವ ಮಗುವಿನ ಮನೆಮಾತು ಕನ್ನಡವೇ ಆಗಿರಬೇಕೆಂದು ನಾವು ಎಂದೂ ಕೇಳಿದವರಲ್ಲ.

ಹಣ ಕೊಡುವವರಲ್ಲಿ ಇನ್ನೊಂದು ವಿನಂತಿ. ಕಟ್ಟಡಕ್ಕೂ ಪೀಠೋಪಕರಣಕ್ಕೂ ಅಂದಾಜುಪಟ್ಟಿಯಲ್ಲಿ ಮೊತ್ತವಿದೆ. ಬಾಗಿಲು ತೆರೆದು ಕುಳಿತುಕೊಳ್ಳುವವರಿಗೆ ಒಂದು ಪೈಸೆಯೂ ಇಲ್ಲ. ನಾಲ್ಕು ಜನ ಸೇರಿ ಗ್ರಂಥಪಾಲಕರ ಐದು ವರ್ಷಗಳ ಗೌರವಧನವನ್ನು ಹೊತ್ತುಕೊಂಡರೆ, ಅಮೃತಶಿಲೆಯ ಫಲಕದಲ್ಲಿ ಅವರ ಹೆಸರು ಬರದಿದ್ದರೂ ಕೊಠಡಿ ತೆರೆದಿರುತ್ತದೆ.

ಸಭೆಯಲ್ಲಿರುವ ಯುವಕ ಯುವತಿಯರಲ್ಲಿ ಕೆಲವರು ಊಟದ ಹೊತ್ತಿನಲ್ಲಿ, ನಾವೂ ಹೊರದೇಶಕ್ಕೆ ಸ್ವಯಂಸೇವೆಗೆ ಹೋಗಬಹುದೇ ಎಂದು ಕೇಳಿದರು. ಖಂಡಿತ ಹೋಗಬಹುದು. ಕರೆದವರು ಯಾರೆಂದು ಮೊದಲು ನೋಡಿ: ನಿಮ್ಮಿಂದ ಶುಲ್ಕ ಪಡೆಯುವ ಏಜೆಂಟರೋ, ಆ ಊರಿನ ಶಾಲೆಯೋ? ಎರಡು ವಾರಕ್ಕೆ ಹೋಗಿ ಗೋಡೆಗೆ ಬಣ್ಣ ಬಳಿದು ಬರುವುದಾದರೆ ಪ್ರವಾಸವೆಂದೇ ಹೇಳಿ ಹೋಗಿ. ಬಣ್ಣ ಬಳಿಯಬಲ್ಲವರು ಅಲ್ಲಿಯೂ ಇದ್ದಾರೆ, ಅವರಿಗೆ ಕೂಲಿಯ ಅಗತ್ಯವೂ ಇದೆ. ಒಂದು ಅರ್ಧವಾರ್ಷಿಕ ಪರೀಕ್ಷೆ ಮುಗಿಯುವವರೆಗಾದರೂ ಇರುವ ಬಿಡುವು ಮಾಡಿಕೊಳ್ಳಿ. ಮಕ್ಕಳ ನಡುವೆ ಕೆಲಸ ಮಾಡುವವರ ಬಗ್ಗೆ ಪೊಲೀಸ್ ದೃಢೀಕರಣ ಕೇಳದ ಸಂಸ್ಥೆಯನ್ನು ನಂಬಬೇಡಿ. ಅಲ್ಲಿನ ಭಾಷೆಯಲ್ಲಿ ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಹೇಳುವಷ್ಟು ಕಲಿತುಕೊಂಡೇ ಹೊರಡಿ. ನನ್ನ ನೇಪಾಳಿ ಉಚ್ಚಾರವನ್ನು ಕೇಳಿ ಎರಡನೆಯ ತರಗತಿಯ ಮಕ್ಕಳು ತಿಂಗಳುಗಟ್ಟಲೆ ನಕ್ಕರು; ಅವರು ಪುಸ್ತಕ ತೆಗೆದುಕೊಂಡು ನನ್ನನ್ನು ತಿದ್ದಲು ಬಂದದ್ದರಿಂದಲೇ ಬಹುಶಃ ಅಷ್ಟು ಬೇಗ ಓದತೊಡಗಿದರು.

ಗ್ರಂಥಾಲಯ ಉಪಸಮಿತಿಯ ಸಭೆಯಲ್ಲಿ ನಕ್ಷೆಯನ್ನು ನೋಡಲು ನಾನೂ ಬರುತ್ತೇನೆ.